ನನ್ನ ಬಲಗಣ್ಣನ್ನು ನೋಡದವರು

ಕಣ್ಣಿನಲ್ಲಿ ಏನೋ ಬಿತ್ತು. ಅಷ್ಟೇ.

ಚಿಕಲಠಾಣಾದ ಒಂದು ಹೊಸ ಶೆಡ್ಡಿನಲ್ಲಿ ಪೈಪು ಹಾಯಿಸಲು ಗ್ರೈಂಡರ್ ಹಿಡಿದು ಗೋಡೆ ಕೊರೆಯುತ್ತಿದ್ದೆ. ನಾನು ಗೌಂಡಿ. ಜೇವರ್ಗಿ ಕಡೆಯ ಊರು ಬಿಟ್ಟು ಮೊದಲು ನಾಸಿಕ, ಆಮೇಲೆ ಇಲ್ಲಿ, ಒಟ್ಟು ಇಪ್ಪತ್ತೆಂಟು ವರ್ಷ ಗೋಡೆ ಕಟ್ಟಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೂ ನಾನು ಕಟ್ಟಿದ ಗೋಡೆ ಡೊಂಕೆಂದು ಯಾವ ಇಂಜಿನಿಯರನೂ ಹೇಳಿಲ್ಲ. ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ದಾರದ ಗುಂಟ ನೋಡಿದರೆ, ಒಂದು ಇಟ್ಟಿಗೆ ಅಕ್ಕಿಕಾಳಿನಷ್ಟು ಹೊರಗೆ ಬಂದಿದ್ದರೂ ನನಗೆ ಗೊತ್ತಾಗುತ್ತಿತ್ತು.

ಚೂರು ಬಿದ್ದದ್ದು ಆ ಬಲಗಣ್ಣಿಗೆ.

ಹಾಕಿಕೊಳ್ಳಲು ಕನ್ನಡಕ ಕೊಟ್ಟಿದ್ದರು. ಅದು ಮೊಳೆಗೆ ತೂಗುತ್ತಿತ್ತು.

ನಮ್ಮ ಮಂದಿ ಕಣ್ಣಿನ ಕಸಕ್ಕೆ ದವಾಖಾನೆಗೆ ಹೋಗುವುದಿಲ್ಲ. ಹೆಂಗಸಿನ ತಲೆಯಿಂದ ಒಂದು ಉದ್ದ ಕೂದಲು ಕಿತ್ತು, ಮಡಚಿ ಕುಣಿಕೆ ಮಾಡಿ, ರೆಪ್ಪೆ ಎತ್ತಿ ಅದರ ಕೆಳಗೆ ಎಳೆಯುತ್ತೇವೆ. ಕಸ ಕುಣಿಕೆಗೆ ಸಿಕ್ಕಿ ಬರುತ್ತದೆ. ನಮ್ಮವ್ವನಿಂದ ಕಲಿತ ವಿದ್ಯೆ ಅದು. ಸೈಟಿನಲ್ಲಿ ಯಾರ ಕಣ್ಣಿಗೆ ಏನು ಬಿದ್ದರೂ ನನ್ನ ಮುಂದೆ ಬಂದು ಕೂಡುತ್ತಿದ್ದರು. ದವಾಖಾನೆಗೆ ಹೋದವನನ್ನು ನಾನೇ ಎಲ್ಲರ ಮುಂದೆ ಆಡಿಕೊಂಡು ನಕ್ಕಿದ್ದೇನೆ. ನನ್ನ ಕಣ್ಣಿಗೆ ಬಿದ್ದಾಗ ಹೆಂಡತಿ ಮಹಾದೇವಿಗೆ ಹೇಳಿದೆ. ಅವಳು ಅಲ್ಲೇ ಸಿಮೆಂಟು ಕಲಸುತ್ತಿದ್ದಳು. ಕೈ ತೊಳೆದಳೋ ಇಲ್ಲವೋ ನೆನಪಿಲ್ಲ. ಚೂರು ಬಂತು. ನಾನು ಮತ್ತೆ ಗ್ರೈಂಡರ್ ಹಿಡಿದೆ.

ಮರುದಿನ ಕಣ್ಣು ತೆರೆಯಲಾಗಲಿಲ್ಲ. ಹತ್ತಿರದ ಸರಕಾರಿ ದವಾಖಾನೆಗೆ ಹೋದೆವು. ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಅಕ್ಷರದ ಪಟ ಇತ್ತು. ಅದರ ಮುಂದೆ ಕಪಾಟು ನಿಲ್ಲಿಸಿದ್ದರು. ಮೇಲಿನ ಒಂದು ದೊಡ್ಡ ಅಕ್ಷರ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಡಾಕ್ಟರರ ಮೇಜಿನ ಮೇಲೆ ಟಾರ್ಚೂ ಇತ್ತು, ಚೀಟಿಗಳು ಫ್ಯಾನಿನ ಗಾಳಿಗೆ ಹಾರದಂತೆ ಅವುಗಳ ಮೇಲೆ ಇಟ್ಟದ್ದು.

“ಕಾಯ್ ಝಾಲಂ?” ಎಂದರು, ಏನಾಯಿತು ಎಂದು.

ಕಣ್ಣಿನಲ್ಲಿ ಚೂರು ಬಿದ್ದಿತ್ತು ಸಾಹೇಬರೆ ಎಂದು ನನಗೆ ಬರುವ ಮರಾಠಿಯಲ್ಲಿ ಹೇಳಿದೆ.

ಅವರು ನನ್ನ ಮಾತು ಮುಗಿಯುವ ಮೊದಲೇ ಬರೆಯತೊಡಗಿದ್ದರು. ಕಣ್ಣು ಬಂದಿವೆಯಂತೆ. ಊರಿಗೆಲ್ಲ ಬಂದಿವೆಯಂತೆ. ಟವೆಲ್ಲು ಬೇರೆ ಇಟ್ಟುಕೊಳ್ಳಬೇಕಂತೆ. ನಾನು ಒಂದು ಇಟ್ಟಿಗೆ ಇಡುವಾಗಲೂ ನಾಲ್ಕು ಸಲ ಬಗ್ಗಿ ನೋಡುತ್ತೇನೆ. ಅಷ್ಟು ಓದಿದ ಮನುಷ್ಯ ಒಂದು ಸಲ ಕುರ್ಚಿಯಿಂದ ಏಳಲಿಲ್ಲ.

ಅವರು ಕೊಟ್ಟ ಟ್ಯೂಬಿನಿಂದ ಏನೂ ಆಗಲಿಲ್ಲ. ಮೂರನೆಯ ದಿನ ಮೆಡಿಕಲ್ ಅಂಗಡಿಗೆ ಹೋದೆ. ಅವನೂ ನೋಡಲಿಲ್ಲ. ಹಿಂದಕ್ಕೆ ತಿರುಗಿ ಒಂದು ಸಣ್ಣ ಬಾಟಲಿ ತೆಗೆದು, ದಿನಕ್ಕೆ ನಾಲ್ಕು ಸಲ ಹಾಕು ಎಂದ. ಸಂಜೆಗೆ ನೋವು ಇಳಿಯಿತು. ಎರಡು ದಿನದಲ್ಲಿ ಕೆಂಪು ಹೋಯಿತು.

“ನೋಡ್, ಡಾಕ್ಟರಗಿಂತ ದುಕಾನದಾಂವ ಶ್ಯಾಣ್ಯಾ ಇದ್ದಾನ” ಎಂದೆ ಮಹಾದೇವಿಗೆ.

“ಖರೇನೇ ಕಮ್ಮಿ ಆಗ್ಯದೇನ್ರಿ? ಕಣ್ಣ ಯಾಕೋ ಮಸುಕ ಕಾಣ್ಲತ್ತದ” ಎಂದಳು.

“ನಿನಗೇನ್ ತಿಳೀತದ” ಎಂದು ಬಾಯಿ ಮುಚ್ಚಿಸಿ ಎರಡನೆಯ ಬಾಟಲಿ ತಂದೆ.

ಒಂಬತ್ತನೆಯ ದಿನ ದಾರ ಕಟ್ಟಿದೆ. ಎಡಗಣ್ಣು ಮುಚ್ಚಿದೆ.

ದಾರ ಇರಲಿಲ್ಲ.

ದೊಡ್ಡ ದವಾಖಾನೆಯಲ್ಲಿ ಒಬ್ಬ ಮೇಡಂ ಡಾಕ್ಟರ್ ನನ್ನ ಗದ್ದವನ್ನು ಮಷೀನಿನ ಮೇಲೆ ಇರಿಸಿ ಬಹಳ ಹೊತ್ತು ನೋಡಿದರು. ಬಾಟಲಿ ಕೇಳಿದರು. ಕೊಟ್ಟೆ. ಇದಲ್ಲದೆ ಕಣ್ಣಿಗೆ ಇನ್ನೇನಾದರೂ ಹಾಕಿದ್ದೀರಾ ಎಂದರು. ಇಲ್ಲ ಎಂದೆ. ಅವರ ಮುಂದೆ ಕೂದಲಿನ ಮಾತು ಆಡಲು ನಾಚಿಕೆ.

“ಸುಳ್ಳ ಹೇಳ್ಲತ್ತಾರ್ರಿ” ಎಂದು ಹಿಂದಿನಿಂದ ಮಹಾದೇವಿ ಕನ್ನಡದಲ್ಲೇ ಅಂದಳು. ಆಮೇಲೆ ಹಿಂದಿಯಲ್ಲಿ, ತನ್ನ ಜಡೆ ಮುಂದಕ್ಕೆ ಎಳೆದು ತೋರಿಸಿ ಎಲ್ಲ ಹೇಳಿದಳು.

ಮೇಡಂ ಬೈಯಲಿಲ್ಲ. ಗೀರು ಚೂರಿನಿಂದ ಬಿತ್ತೋ ಕೂದಲಿನಿಂದ ಬಿತ್ತೋ ಈಗ ಹೇಳಲಾಗದು ಎಂದರು. ಗೀರಿನಲ್ಲಿ ಫಂಗಸ್ ಸೇರಿ ಅಲ್ಸರ್ ಆಗಿದೆ. ಬಾಟಲಿಯಲ್ಲಿರುವುದು ಸ್ಟಿರಾಯ್ಡ್. ಅದು ಕೆಂಪನ್ನು ಇಳಿಸುತ್ತದೆ, ಒಳಗೆ ಫಂಗಸ್ಸಿಗೆ ದಾರಿ ಬಿಡುತ್ತದೆ. ಹಾಗಾದರೆ ನನ್ನ ನೋವು ಇಳಿದ ಅಷ್ಟೂ ದಿನ ಕಣ್ಣು ಒಳಗೊಳಗೆ ಕೊಳೆಯುತ್ತಿತ್ತು, ನಾನು ಅಂಗಡಿಯವನನ್ನು ಹೊಗಳುತ್ತಿದ್ದೆ.

“ಮೊದಲ ದಿನ ಯಾರಾದರೂ ಸರಿಯಾಗಿ ಬೆಳಕು ಬಿಟ್ಟು ನೋಡಿದ್ದರೆ ಇಷ್ಟಾಗುತ್ತಿರಲಿಲ್ಲ” ಎಂದರು.

ಹತ್ತೊಂಬತ್ತು ದಿನ ಅಡ್ಮಿಟ್. ಗಂಟೆಗೊಮ್ಮೆ ಡ್ರಾಪ್ಸ್. ಸಿಸ್ಟರಿಗೆ ಪುರಸೊತ್ತಿಲ್ಲದಾಗ ಮಹಾದೇವಿಯೇ ಹಾಕಬೇಕು. ಹನಿ ಕಣ್ಣು ತಪ್ಪಿ ಕೆನ್ನೆಗೆ ಬೀಳುತ್ತಿತ್ತು.

“ನನ್ನ ಕೈಯಿಂದೇ ಹೋಯ್ತಲ್ರೀ.”

“ನಾ ಕಲಿಸಿದ್ದು ನೀ ಮಾಡಿದಿ. ಹಾಕು, ಕೈ ಗಟ್ಟಿ ಹಿಡಿ.”

ಸೈಟಿನ ಹೆಂಗಸರು ನೋಡಲು ಬಂದಾಗಲೂ ಇದನ್ನೇ ಎಲ್ಲರ ಎದುರು ಹೇಳಿದೆ. ಅವತ್ತೂ ಅವಳ ಹನಿ ಕೆನ್ನೆಗೇ ಬಿತ್ತು. ಒಂದು ವಾರದ ಮೇಲೆ ಸರಿಯಾಗಿ ಕಣ್ಣಿಗೆ ಬೀಳತೊಡಗಿತು.

ಗುಣವಾಯಿತು ಎಂದು ಡಿಸ್ಚಾರ್ಜ್ ಮಾಡಿದರು. ಗುಣವೆಂದರೆ, ಕಣ್ಣುಗುಡ್ಡೆ ಉಳಿಯಿತು. ಕಪ್ಪಿನ ಮೇಲೆ ಬಿಳಿ ಕಲೆ ನಿಂತಿತು. ಆ ಕಣ್ಣಿಗೆ ಬೆಳಕು ಕಾಣುತ್ತದೆ, ಮುಂದೆ ಆಡಿಸಿದ ಕೈ ಕಾಣುತ್ತದೆ, ಯಾರ ಕೈ ಎಂದು ಕಾಣುವುದಿಲ್ಲ. ಎಡಗಣ್ಣಿನಿಂದ ದಾರ ನೋಡುವುದನ್ನು ಈ ವಯಸ್ಸಿನಲ್ಲಿ ಹೊಸದಾಗಿ ಕಲಿತೆ. ಮೊದಲು ಕಟ್ಟಿದ ಮೂರು ವರಸೆ ಇಟ್ಟಿಗೆಯನ್ನು ನಾನೇ ಕೆಡವಿದೆ.

ಮನಸ್ಸು ತಡೆಯದೆ ಆ ಮೊದಲಿನ ಡಾಕ್ಟರರಿಗೆ ನಾಲ್ಕು ಮಾತು ಅನ್ನಲು ಸರಕಾರಿ ದವಾಖಾನೆಗೆ ಹೋದೆ. ಅವರಿಗೆ ಬೇರೆ ಊರಿಗೆ ಬದಲಿಯಾಗಿತ್ತು. ಇಂಥವರಿಗೆ ಬೇಗ ಬದಲಿಯಾಗುತ್ತದೆ. ಅಲ್ಲಿದ್ದ ಸಿಸ್ಟರ್ ನನ್ನ ಬೈಗುಳ ಪೂರ್ತಿ ಕೇಳಿ, “ಬಸಾ ಕಾಕಾ” ಎಂದು ಕೂಡಿಸಿ, ಟಾರ್ಚು ತಂದು ಕಣ್ಣು ನೋಡಿದಳು. ಆ ಕಟ್ಟಡದಲ್ಲಿ ನನ್ನ ಕಣ್ಣು ನೋಡಿದ ಮೊದಲ ಮನುಷ್ಯ ಅವಳೇ. ಅವಳನ್ನು ಆಗಷ್ಟೇ ಕಣ್ಣಿನ ಟ್ರೈನಿಂಗಿಗೆ ಕಳಿಸಿದ್ದರಂತೆ. ಒಂದು ಹಳದಿ ಕಾಗದದ ಪಟ್ಟಿ ತೋರಿಸಿದಳು. ಅದನ್ನು ಒದ್ದೆ ಮಾಡಿ ಕಣ್ಣಿಗೆ ತಾಗಿಸಿ ನೀಲಿ ಬೆಳಕು ಬಿಟ್ಟರೆ ಗೀರು ಹಸಿರಾಗಿ ಹೊಳೆಯುತ್ತದೆ. ಹೊಳೆದರೆ ಅದೇ ದಿನ ದೊಡ್ಡ ದವಾಖಾನೆಗೆ ಚೀಟಿ. ಇಷ್ಟೇ ಕೆಲಸ. ಬೆರಳಿನಷ್ಟು ಕಾಗದ. ಇದನ್ನು ಇಲ್ಲಿಗೆ ಮುಟ್ಟಿಸಲು ಇವರಿಗೆ ಎಷ್ಟು ಕಣ್ಣು ಬೇಕಾದವೋ.

ನಾನು ಈಗ ಕೂದಲು ಹಿಡಿಯುವುದಿಲ್ಲ. ಹೋದ ವಾರ ನಮ್ಮ ಟೈಲ್ಸ್ ಹಾಕುವ ಶರಣಪ್ಪ ಕಣ್ಣು ಹಿಡಿದುಕೊಂಡು ಬಂದು ಮುಂದೆ ಕೂತ.

“ಎರಡ್ ನಿಮಿಷದ್ ಕೆಲಸ ಅದ, ತೆಗಿ ಮಾರಾಯ.”

“ಏಳು. ಸಿಸ್ಟರ್ ಬಲ್ಲಿ ಹೋಗಮು.”

“ದೊಡ್ಡ ಸಾಹೇಬ ಆಗಿದಿ ಬಿಡು” ಎಂದು ಹಲ್ಲು ಕಡಿದ. ರಟ್ಟೆ ಹಿಡಿದು ಕರೆದೊಯ್ದೆ. ನೀಲಿ ಬೆಳಕಿನಲ್ಲಿ ಹಸಿರು ಗೀರು ಕಂಡಿತು. ಸಿಸ್ಟರ್ ಚೀಟಿ ಕೊಟ್ಟಳು. ದೊಡ್ಡ ದವಾಖಾನೆಗೆ ಹೋಗಿ ಬಂದು ನಾಲ್ಕು ದಿನ ಮನೆಯಲ್ಲಿ ಕೂತು ಡ್ರಾಪ್ಸ್ ಹಾಕಿಕೊಂಡ.

ನಿನ್ನೆ ಕೆಲಸಕ್ಕೆ ಬಂದ. ನಾಲ್ಕು ದಿನದ ಪಗಾರ ನನ್ನಿಂದಲೇ ಹೋಯಿತೆಂದು ಎಲ್ಲರೆದುರು ನನ್ನನ್ನು ದುರುಗುಟ್ಟಿ ನೋಡಿದ.

ಎರಡೂ ಕಣ್ಣಿನಿಂದ ನೋಡಿದ. ನೋಡಲಿ.