ಕೊಪ್ಪಳದವನ ಸೀಟು

ಇಂಥ ಕತೆ ಹೇಳುವವರನ್ನು ಕಂಡರೆ ನಾನು ಮೊದಲೆಲ್ಲ ನಗುತ್ತಿದ್ದೆ. ಆಗ ಎಷ್ಟು ಗಂಟೆ, ಯಾರು ಎಲ್ಲಿ ಕೂತಿದ್ದರು, ಹಿಂದಿನ ರಾತ್ರಿ ಎಷ್ಟು ನಿದ್ದೆ ಮಾಡಿದ್ದಿರಿ ಎಂದು ಪಾಟೀಸವಾಲು ಹಾಕಿ ಅವರ ಉತ್ಸಾಹವನ್ನೂ ಕೆಡಿಸುತ್ತಿದ್ದೆ. ಮೈಸೂರಿನಲ್ಲಿ ನಾನು ಓದಿದ್ದು ಮನಃಶಾಸ್ತ್ರ. ನೆನಪು ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತದೆ ಎಂಬುದನ್ನೇ ವಿಷಯವಾಗಿಟ್ಟುಕೊಂಡು ಆಕ್ಲೆಂಡಿಗೆ ಬಂದು ಇನ್ನೊಂದು ಪದವಿಯನ್ನೂ ಪಡೆದೆ. ಆದ್ದರಿಂದ ಮುಂದೆ ಹೇಳುವುದನ್ನು ನೀವು ನಂಬಬೇಕೆಂದು ಕೇಳುವುದಿಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲ.

ಪದವಿ ಮುಗಿದಿತ್ತು, ಓದಿಗೆ ತಕ್ಕ ಕೆಲಸ ಸಿಕ್ಕಿರಲಿಲ್ಲ. ಆಕ್ಲೆಂಡಿನ ಸ್ಯಾಂಡ್ರಿಂಗಮ್ ಬಡಾವಣೆಯ ದಿನಸಿ ಅಂಗಡಿಯೊಂದರಲ್ಲಿ ಅಕ್ಕಿ ಕೊಳ್ಳುತ್ತಿದ್ದಾಗ ಪರಿಚಯದ ಅಂಕಲ್ ಒಬ್ಬರು, "ಲೈಸೆನ್ಸ್ ಇದೆಯೇನಪ್ಪಾ?" ಎಂದು ಕೇಳಿದರು. ಇತ್ತು. ವೀಸಾ ಕೂಡ ಇತ್ತು. ಅವೆರಡೂ ಇಲ್ಲದ ನಾಲ್ವರನ್ನು ತಕಾನಿನಿಯ ಒಂದು ಮನೆಯಿಂದ ದಿನಾ ಬೆಳಗಿನ ಐದಕ್ಕೆ ವ್ಯಾನಿನಲ್ಲಿ ದಕ್ಷಿಣದ ತರಕಾರಿ ಹೊಲಗಳಿಗೆ ಕರೆದೊಯ್ಯಬೇಕಿತ್ತು. ಅವರ ಜೊತೆ ನಾನೂ ಎಲೆಕೋಸು ಕೊಯ್ಯಬೇಕು. ಕೆಲವೇ ದಿನಗಳಲ್ಲಿ ಆ ಮನೆಗೇ ಹೋಗಿ ಸೇರಿದೆ. ಬಾಡಿಗೆ ಕರಾರೂ ನನ್ನ ಹೆಸರಿಗೆ ಬಂತು.

ನಾಲ್ವರೂ ವೀಸಾ ಮುಗಿದ ಮೇಲೆ ಉಳಿದುಕೊಂಡವರು. ಕೆಲಸ, ಮನೆ, ಫೋನಿನ ಸಿಮ್ ಎಲ್ಲವೂ ಅವರಿಗೆ ಬಾಯಿಂದ ಬಾಯಿಗೆ ಬರುತ್ತಿತ್ತು. ಒಬ್ಬರ ನಿಜವಾದ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ಸಿಕ್ಕಿಬಿದ್ದವನು ಉಳಿದವರ ಹೆಸರು ಹೇಳಲಾರದಿರಲಿ ಎಂದು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು: ಹಾವೇರಿ, ಬಾಗಲಕೋಟೆ, ಗದಗ, ಕೊಪ್ಪಳ. ನಾನು ಮೈಸೂರು. ಕತ್ತಲಲ್ಲಿ ಹೊರಡುವಾಗ ಯಾರಾದರೂ ಬಿಟ್ಟುಹೋದರೆ ಅವನ ಆ ದಿನದ ಕೆಲಸ ಹೋದಂತೆಯೇ. ಹಾಗಾಗಿ ವ್ಯಾನು ಬಿಡುವ ಮೊದಲು ಇದೇ ಸರತಿಯಲ್ಲಿ ಹಾಜರಿ ಕರೆಯುತ್ತಿದ್ದೆ. "ಅದೀನ್ರೀ" ಎಂದು ಒಬ್ಬೊಬ್ಬರೂ ಓಗೊಡುತ್ತಿದ್ದರು. ಒಂದು ದಿನ ನಾನು ಏಳುವುದು ತಡವಾದಾಗ ಬಾಗಲಕೋಟೆ, "ಎಲ್ಲಾ ಊರೂ ಹಾಜರ್ ಅದಾವ್ರೀ ಸರ, ಮೈಸೂರಿಗೆ ಇನ್ನೂ ಬೆಳಗಾಗಿಲ್ಲ" ಎಂದಿದ್ದ.

ಆ ಚಳಿಗಾಲದಲ್ಲಿ ಒಂದು ಸಂಜೆ ಕೊಪ್ಪಳ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತ. ಎದೆ ಹಿಡಿದಂತಾಗುತ್ತಿದೆ ಎಂದ. "ಸರ, ದವಾಖಾನಿಗೆ ಒಯ್ತೀರೇನ್ರೀ?" ನನಗೆ ಸೊಂಟ ನೆಟ್ಟಗಾಗದಷ್ಟು ದಣಿವು. ಆಸ್ಪತ್ರೆಯಲ್ಲಿ ವಿಳಾಸ ಕೇಳುತ್ತಾರೆ, ಮನೆ ನನ್ನ ಹೆಸರಿನಲ್ಲಿದೆ ಎಂಬ ಯೋಚನೆಯೂ ಬಂತು. "ಬೆಳಿಗ್ಗೆ ನೋಡೋಣ" ಎಂದೆ. "ಆತ್ರೀ" ಎಂದು ಹೋದ. ಬೆಳಿಗ್ಗೆ ವ್ಯಾನಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟೆವು. ದಾರಿಯಲ್ಲೇ ಹೋಗಿಬಿಟ್ಟ. ಪೊಲೀಸರು ಎರಡು ಸಲ ಬಂದು ನನ್ನನ್ನು ವಿಚಾರಿಸಿದರು. ಉಳಿದ ಮೂವರು ಒಂದು ವಾರ ಬೇರೆಲ್ಲೋ ಮಲಗಿ, ಆಮೇಲೆ ಮರಳಿ ಬಂದರು.

ಅವನು ತೀರಿಕೊಂಡು ಮೂರು ವಾರವಾಗಿತ್ತು. ಕೊಪ್ಪಳ ಮಲಗಿದ್ದ ಸೀಟಿನ ಎಡಮೂಲೆಯಲ್ಲಿ ಯಾರೂ ಕೂರುತ್ತಿರಲಿಲ್ಲ. ಕೆಸರಿನ ಬೂಟುಗಳನ್ನು ಅಲ್ಲಿಡುತ್ತಿದ್ದೆವು. ಅದರ ಪಕ್ಕ ಗದಗ ಕೂರುತ್ತಿದ್ದ. ಅವನಿಗೆ ನಾಲ್ಕು ದಿನದಿಂದ ಕೆಮ್ಮು, ಜ್ವರ. ಆಸ್ಪತ್ರೆಯ ಮಾತೆತ್ತಿದರೆ ಮುಖ ತಿರುಗಿಸುತ್ತಿದ್ದ. ಆ ಬೆಳಿಗ್ಗೆ ಹಾವೇರಿ ಎಂದೆ, ಬಾಗಲಕೋಟೆ ಎಂದೆ, ಗದಗ ಎಂದೆ. ಗದಗ ಬರೀ ಹೂಂಗುಟ್ಟಿದ. ಅದೇ ಉಸಿರಿನಲ್ಲಿ, ಅಭ್ಯಾಸಬಲದಿಂದ, ಕೊಪ್ಪಳ ಎಂದುಬಿಟ್ಟೆ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಹಿಂದಿನಿಂದ "ಅದೀನ್ರೀ" ಎಂದು ಕೇಳಿತು.

ಹೀಗೆಂದೇ ನನಗೆ ನೆನಪು.

ವ್ಯಾನು ಆಗಲೇ ಗೇಟು ದಾಟಿತ್ತು. ಬ್ರೇಕ್ ಹಾಕಿ ಒಳಗಿನ ದೀಪ ಹೊತ್ತಿಸಿದೆ. ಹಾವೇರಿ, ಬಾಗಲಕೋಟೆ, ನಾನು ಮೂವರೂ ಆ ಮೂಲೆಗೆ ತಿರುಗಿ ನೋಡಿದೆವು. ಅಲ್ಲಿ ಬೂಟುಗಳಿದ್ದವು. ಅವುಗಳ ಮೇಲೆ ವಾಲಿಕೊಂಡಿದ್ದ ಗದಗನ ತುಟಿ ನೀಲಿಯಾಗಿತ್ತು. ಯಾರೂ ಚರ್ಚೆ ಮಾಡಲಿಲ್ಲ. ಸೀದಾ ಆಸ್ಪತ್ರೆಗೆ ಓಡಿಸಿದೆ. ಹೆಸರೇನು ಎಂದು ಅಲ್ಲಿ ಕೇಳಿದಾಗ ಗದಗ ಎಂದೆ. ಎಂಟು ತಿಂಗಳು ಒಂದೇ ಪಾತ್ರೆಯ ಅನ್ನ ಉಂಡಿದ್ದೆವು, ಅವನ ಹೆಸರು ನನಗೆ ಗೊತ್ತಿರಲಿಲ್ಲ. ನ್ಯುಮೋನಿಯ ಎಂದರು. ಆ ಸ್ಥಿತಿಯಲ್ಲಿ ಹೊಲಕ್ಕೆ ಹೋಗಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಗದಗ ಬದುಕಿಕೊಂಡ, ಮುಂದೆ ತಾನೇ ಟಿಕೆಟ್ ಮಾಡಿಸಿಕೊಂಡು ಊರಿಗೆ ಹೋದ.

ಆಮೇಲೆ ನನಗೆ ಕೆಲಸ ಸಿಕ್ಕಿತು. ಒಂದಾದ ಮೇಲೊಂದರಂತೆ ನಾಲ್ಕು ಕೆಲಸ ಬದಲಿಸಿ ಈಗ ಆಕ್ಲೆಂಡಿನದೇ ಹಿಲ್ಸ್‌ಬರೋದಲ್ಲಿದ್ದೇನೆ. ಆ ದನಿಗೂ ಒಂದು ವಿವರಣೆ ಹೊಂದಿಸಿಕೊಂಡಿದ್ದೆ. ನಾನು ಅಭ್ಯಾಸದಿಂದ ಕರೆದೆ, ತೂಕಡಿಸುತ್ತಿದ್ದ ಒಬ್ಬ ಅಭ್ಯಾಸದಿಂದ ಓಗೊಟ್ಟ. ದಣಿದ ಮಿದುಳುಗಳ ಕೆಲಸ, ಅಷ್ಟೇ. ವರ್ಷಗಟ್ಟಲೆ ಇದರಲ್ಲಿ ನನಗೆ ಯಾವ ಬಿರುಕೂ ಕಾಣಲಿಲ್ಲ.

ಹೋದ ತಿಂಗಳು ಸ್ಯಾಂಡ್ರಿಂಗಮ್‌ನಲ್ಲಿ ಹಾವೇರಿ ಸಿಕ್ಕ. ಕೂದಲು ನರೆತಿದೆ, ಕಾಗದಪತ್ರ ಇನ್ನೂ ಆಗಿಲ್ಲ, ಯಾವುದೋ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾನೆ. ಇಬ್ಬರೂ ಚಹಾ ಕುಡಿಯುತ್ತ ಕೂತಾಗ ಕೇಳಿದೆ: "ಅವತ್ತು ನಾನು ಕೊಪ್ಪಳ ಅಂತ ಕರೆದಾಗ ಓಗೊಟ್ಟಿದ್ದು ಯಾರು? ನೀನಾ, ಬಾಗಲಕೋಟೆನಾ?"

ಅವನು ಕಪ್ಪು ಕೆಳಗಿಟ್ಟ. "ನೀವು ಕೊಪ್ಪಳ ಅಂತ ಕರದೇ ಇಲ್ಲಲ್ರೀ ಸರ."

"ಕರೆದಿದ್ದೆ. ಬಾಯಿತಪ್ಪಿ."

"ಇಲ್ರೀ. ಮೂರು ಊರು ಕರದ್ರಿ, ಗಾಡಿ ಬಿಟ್ರಿ. ಗೇಟ್ ದಾಟಿದ ಮ್ಯಾಲೆ ಹಿಂದಿಂದ, 'ಸರ, ನನ್ನ ಕರೀಲಿಲ್ಲಲ್ರೀ' ಅಂತ ಕೇಳ್ತು. ಅದಕ್ಕ ನೀವು ಬ್ರೇಕ್ ಹಾಕಿದ್ದು. ಬಾಗಲಕೋಟಿ ಇಲ್ಲೇ ಇದ್ದಿದ್ರ ಅವನೂ ಹೇಳ್ತಿದ್ದ."

ಅವನ ನೆನಪು ತಪ್ಪಿರಬಹುದು. ನನ್ನದೂ ತಪ್ಪಿರಬಹುದು. ಹಾಜರಿ ಮುಗಿಯುವ ಮೊದಲೇ ವ್ಯಾನು ಗೇಟು ದಾಟಿದ್ದು ಹೇಗೆಂದು ನಾನು ಎಂದೂ ಯೋಚಿಸಿರಲಿಲ್ಲ. ಎರಡು ನೆನಪುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಹೇಗೆಂದು ಎಷ್ಟೋ ಪುಟ ಬರೆದು ಪದವಿ ಪಡೆದವನು ನಾನು. ಅದರಲ್ಲಿ ಒಂದು ಸಾಲೂ ಆಗ ನೆನಪಾಗಲಿಲ್ಲ. ಆ ದನಿಯಲ್ಲಿ ಸಿಟ್ಟಿತ್ತೇ ಎಂದು ಕೇಳಬೇಕೆನ್ನಿಸಿತು. ಚಹಾದ ದುಡ್ಡು ಕೊಟ್ಟು ಎದ್ದೆ.

ಅವನಿಗೆ ಕೆಲಸಕ್ಕೆ ಹೊತ್ತಾಗಿತ್ತು, ಬಿಟ್ಟುಬರುತ್ತೇನೆಂದೆ. ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡು ಹಾವೇರಿ ನಕ್ಕ. "ಹಾಜರಿ ತಗೊಳ್ರೀ ಸರ."

"ಹಾವೇರಿ" ಎಂದೆ.

"ಅದೀನ್ರೀ."

ಕಾರು ಚಾಲೂ ಆಗಿತ್ತು. ಮುಂದಿನ ಹೆಸರು ಕರೆಯಬೇಕೋ ಬೇಡವೋ ತಿಳಿಯದೆ ಹಿಂದಿನ ಸೀಟಿನತ್ತ ತಿರುಗಿ ನೋಡಿದೆ.