ಗದ್ದಲದಲ್ಲಿ ತೆಗೆದ ಅಳತೆ

ಹಳೆ ಬಟ್ಟೆ ಸರಿಮಾಡಿಕೊಡುವ ಆ ಹೆಂಗಸನ್ನು ಬೀದಿಯವರೆಲ್ಲ ಟೈಲರಕ್ಕ ಎಂದೇ ಕರೆಯುತ್ತಿದ್ದರು. ಸಡಿಲವಾದ ಕೋಟನ್ನು ಮೈಗೆ ಕೂರಿಸುವುದರಲ್ಲಿ ಅವಳದು ಎತ್ತಿದ ಕೈ. ಮಾತು ಕಡಿಮೆ. ತುಟಿಗಳ ನಡುವೆ ಸದಾ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದ ಅದು ಸ್ವಭಾವವೋ ಕಸುಬಿನಿಂದ ಬಂದದ್ದೋ ಹೇಳುವುದು ಕಷ್ಟ. ನಲವತ್ತು ದಾಟಿದ ಮೇಲೆ ಗಿಟಾರ್ ಕಲಿತಳು. ಯಾಕೆ ಎಂದು ಅವಳ ಸ್ವಂತ ಅಕ್ಕ ಕೇಳಿದಾಗ, "ಬೆರಳು ಸುಮ್ನೆ ಕೂರಲ್ಲ ಕಣೇ" ಎಂದಿದ್ದಳು, ಅಷ್ಟೆ.

ಅಕ್ಕನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಬಿಡುವಿನಲ್ಲಿ ಡ್ರಮ್ಸ್ ಬಾರಿಸುವವನು. ಕೀಬೋರ್ಡ್ ನುಡಿಸುವ ಲೆಕ್ಕದ ಮೇಷ್ಟ್ರನ್ನೂ ಹಾಡುವ ನರ್ಸಮ್ಮನನ್ನೂ ಸೇರಿಸಿ ಒಂದು ತಂಡ ಕಟ್ಟಿದ್ದ. ಪ್ರತಿ ಭಾನುವಾರ ಮಧ್ಯಾಹ್ನ ನೌಕರರ ಸಂಘದ ಸಭಾಂಗಣದಲ್ಲಿ ಅವರ ಕಾರ್ಯಕ್ರಮ. ನಾದಿನಿಯನ್ನು ತಂಡಕ್ಕೆ ಕರೆತಂದವನೂ ಅವನೇ, ಅವಳ ಕಾಲೆಳೆಯುವವನೂ ಅವನೇ.

ಕೊನೆಯ ಹಾಡಿನ ನಡುವೆ ನರ್ಸಮ್ಮ ಹಾಡು ನಿಲ್ಲಿಸಿ, ಗಿಟಾರು ಮುಂದೆ ಬರುವ ಒಂದು ತುಣುಕಿತ್ತು. ಅದು ಟೈಲರಕ್ಕನೇ ಕಟ್ಟಿದ್ದು. ಕಾಲರು ಬಿಚ್ಚುತ್ತ, ಕಾಜಾ ಹೊಲಿಯುತ್ತ, ಗುನುಗಿ ಗುನುಗಿ ಕೂಡಿಸಿದ್ದು. ಆದರೆ ನುಡಿಸುವಾಗ ಮುಂದಿನ ಸಾಲಿನವರಿಗೂ ಅದು ಕಿವಿಗೆ ಬೀಳುತ್ತಿರಲಿಲ್ಲ.

"ಏನಮ್ಮಾ, ನೀನು ಗಿಟಾರ್ ನುಡಿಸ್ತೀಯೋ, ಅದನ್ನ ತಟ್ಟಿ ಮಲಗಿಸ್ತೀಯೋ?" ಎಂದ ಭಾವ, ಒಂದು ಭಾನುವಾರ ಕಾರ್ಯಕ್ರಮ ಮುಗಿದ ಮೇಲೆ.

"ನೀವು ಸ್ವಲ್ಪ ಮೆತ್ತಗೆ ಬಾರಿಸಿದ್ರೆ ಕೇಳುತ್ತೆ ಭಾವ."

"ಬಸ್ ಎಂಜಿನ್ ಪಕ್ಕ ಪಳಗಿದ ಕೈ ಇದು. ಮೆತ್ತಗೆ ಅಂದ್ರೆ ಅದಕ್ಕೆ ಅರ್ಥ ಆಗಲ್ಲ." ಆಮೇಲೆ ನಗು ನಿಲ್ಲಿಸಿ ಹೇಳಿದ: "ಬರೋ ಭಾನುವಾರವೂ ಕೇಳಿಸ್ಲಿಲ್ಲ ಅಂದ್ರೆ ಆ ತುಣುಕು ಮೇಷ್ಟ್ರ ಕೀಬೋರ್ಡಿಗೆ ಹೋಗುತ್ತೆ. ಬೇಜಾರು ಮಾಡ್ಕೋಬೇಡ."

ಮರುದಿನ ಅವಳು ತನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ ವಾದ್ಯಗಳ ಅಂಗಡಿಗೆ ಹೋದಳು.

ಅಲ್ಲಿ ಅಂಗಡಿಯವನು ಗಿಟಾರಿಗೂ ಸ್ಪೀಕರಿಗೂ ನಡುವೆ ಸಿಕ್ಕಿಸುವ, ಕಾಲಿನಿಂದ ಒತ್ತಿ ದನಿ ಬದಲಿಸುವ ತಗಡಿನ ಪೆಟ್ಟಿಗೆಯೊಂದನ್ನು ನೆಲದ ಮೇಲಿಟ್ಟ. ಎರಡು ಗುಂಡಿ, ಮೇಲೆ ಸಾಲು ತಿರುಪುಗಳು. "ಒಂದರಲ್ಲೇ ಎರಡು ಮೇಡಂ. ಎಡಗಡೆ ಓವರ್‌ಡ್ರೈವ್, ಬಲಗಡೆ ಡಿಸ್ಟಾರ್ಷನ್" ಎಂದು ತಾನೇ ಗಿಟಾರ್ ಎತ್ತಿ ಸಿಡಿಲಿನಂತೆ ನುಡಿಸತೊಡಗಿದ. ಅವಳು ಕಾದು ನೋಡಿ, "ನಿಮ್ಮ ಕೈ ಚೆನ್ನಾಗಿದೆ. ನನ್ನ ಕೈಗೆ ಹೇಗಿದೆ ನೋಡ್ಬೇಕು" ಎಂದು ಗಿಟಾರನ್ನು ಇಸಿದುಕೊಂಡಳು.

ಎಡಗಡೆಯ ಗುಂಡಿಯನ್ನು ಒತ್ತಿ, ಪಾದವನ್ನು ಅಲ್ಲೇ ಇಟ್ಟುಕೊಂಡು ನುಡಿಸಿದಳು.

"ಕಾಲು ತೆಗೀರಿ ಮೇಡಂ! ಹೊಲಿಗೆ ಮಿಷಿನ್ನಾ ಇದು? ಒಂದ್ಸಲ ಒತ್ತಿ ಬಿಟ್ರೆ ಆಯ್ತು."

"ಕಾಲೆತ್ತಿದ್ರೆ ನಿಂತುಹೋಗುತ್ತೆ ಅಂದ್ಕೊಂಡೆ" ಎಂದು ಅವಳೂ ನಕ್ಕಳು.

ಎಡಗಡೆಯದು ಕೈಯ ಮಾತು ಕೇಳುತ್ತಿತ್ತು. ಮೃದುವಾಗಿ ಮೀಟಿದರೆ ಶುಭ್ರ ಸ್ವರ. ಬಿಗಿಯಾಗಿ ಮೀಟಿದರೆ ಸ್ವರದ ಅಂಚು ಎಳೆ ಬಿಟ್ಟ ಬಟ್ಟೆಯಂತೆ ತುಸು ಒರಟಾಗುತ್ತಿತ್ತು. ಬಲಗಡೆಯದಕ್ಕೆ ಅಂಥ ದಾಕ್ಷಿಣ್ಯವಿಲ್ಲ. ಹೇಗೆ ಮೀಟಿದರೂ ಕಂಬಳಿಯಂಥ ದಪ್ಪ ದನಿ, ಬೆರಳು ನಿಂತರೂ ಎಳೆದುಕೊಂಡು ಹೋಗುವ ದನಿ.

"ಎರಡನ್ನೂ ಒಟ್ಟಿಗೆ ಹಾಕಿದ್ರೆ?"

"ಎಡದ್ದು ಬಲದ್ದನ್ನ ಹಿಂದಿನಿಂದ ತಳ್ಳುತ್ತೆ."

ಅದನ್ನೇ ಕಟ್ಟಿಸಿಕೊಂಡು ಬಂದಳು.

ಅಂಗಡಿಯ ಹಿಂದಿನ ಕೋಣೆಯಲ್ಲಿ, ತೂಗುಹಾಕಿದ ಕೋಟುಗಳ ನಡುವೆ ಕೂತು ತಿರುಪುಗಳನ್ನು ತಿರುಗಿಸಿದಳು. ಬಲಗಡೆಯ ಒರಟುತನವನ್ನು ತುದಿಯವರೆಗೆ ಏರಿಸಿದಳು, ಕೆಳಸ್ವರದ ತಿರುಪು ಪೂರ್ತಿ, ನಡುಸ್ವರದ್ದು ಸೊನ್ನೆ. ದನಿ ಗೋಡೆಗೆ ಹೊಡೆದು ಬಂತು. ಕತ್ತರಿಗಳು ಮೊಳೆಯಲ್ಲೇ ಗಲಗಲ ಅಂದವು. ಒಳಗೆ ಬಂದ ಅಕ್ಕ, "ಗೋಡೆ ಬಿದ್ರೆ ಅದನ್ನೂ ನೀನೇ ಹೊಲೀತೀಯಾ?" ಎಂದು ಕಿವಿ ಮುಚ್ಚಿಕೊಂಡಳು. ಟೈಲರಕ್ಕ ಹಿಗ್ಗಿನಿಂದ ಪ್ರತಿ ತಿರುಪಿನ ಪಕ್ಕದಲ್ಲೂ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದಳು.

ಶುಕ್ರವಾರದ ಅಭ್ಯಾಸದಲ್ಲಿ ತುಣುಕು ಬಂದಾಗ ಬಲಗಡೆಯ ಗುಂಡಿ ಒತ್ತಿದಳು. ಸಭಾಂಗಣದಲ್ಲಿ ಏನೋ ದೊಡ್ಡದಾಗಿ ಉಬ್ಬಿಕೊಂಡಿತು. ಕೆಳಸ್ವರವನ್ನು ಡ್ರಮ್ಸ್ ನುಂಗಿತು, ಉಳಿದದ್ದು ಕೀಬೋರ್ಡಿನಡಿ ಕರಗಿತು. ಒಂದು ಸ್ವರವೂ ಇನ್ನೊಂದರಿಂದ ಬೇರೆಯಾಗಿ ಕೇಳಲಿಲ್ಲ.

"ಗುಂಯ್ ಅನ್ನೋದು ಕೇಳ್ತಿದೆ, ರಾಗ ಕೇಳ್ತಿಲ್ಲಮ್ಮ" ಎಂದರು ಮೇಷ್ಟ್ರು. ಅನ್ನುತ್ತಲೇ, ಕೆಟ್ಟ ಉದ್ದೇಶವಿಲ್ಲದೆ, ಅವಳ ತುಣುಕನ್ನು ಒಂದೇ ಬೆರಳಿನಲ್ಲಿ ಕೀಬೋರ್ಡಿನ ಮೇಲೆ ಹುಡುಕತೊಡಗಿದರು. ಬೇಗನೆ ಸಿಕ್ಕಿಬಿಟ್ಟಿತು. ಸ್ಪಷ್ಟವಾಗಿ ಕೇಳುತ್ತಲೂ ಇತ್ತು.

ಟೈಲರಕ್ಕ ಆ ಬೆರಳನ್ನು ನೋಡುತ್ತ ನಿಂತಳು. ಹಾಕಿಕೊಳ್ಳುವವರ ಮೈಮೇಲೆ ಇಟ್ಟು ನೋಡದೆ ಅವಳು ಯಾವ ಕೋಟಿಗೂ ಕೊನೆಯ ಹೊಲಿಗೆ ಹಾಕಿದವಳಲ್ಲ. ಈ ದನಿಯನ್ನು ಮಾತ್ರ ಖಾಲಿ ಕೋಣೆಯ ಅಳತೆಗೆ ಹೊಲಿದು ತಂದಿದ್ದಳು.

"ಎಲ್ಲರೂ ಬಾರಿಸ್ತಾ ಇರಿ" ಎಂದಳು. "ನಾನು ಹೇಳೋ ತನಕ ನಿಲ್ಲಿಸ್ಬೇಡಿ."

"ನೀನು?"

"ನಾನು ಅಳತೆ ತಗೋತೀನಿ ಭಾವ."

ಅವನು ಹುಬ್ಬೇರಿಸಿದ, ಆದರೆ ಬಾರಿಸಿದ. ಅವಳು ಮೊಣಕಾಲೂರಿ, ಸೀಮೆಸುಣ್ಣದ ಗೆರೆಗಳನ್ನು ಸೆರಗಿನಿಂದ ಒರೆಸಿದಳು. ಒಂದು ಸ್ವರ ಮೀಟುವುದು, ಒಂದು ತಿರುಪು ಅಲುಗಿಸುವುದು, ಮತ್ತೆ ಮೀಟುವುದು. ಒರಟುತನವನ್ನು ಅರ್ಧಕ್ಕಿಂತ ಕೆಳಗಿಳಿಸಿದಳು. ಕೆಳಸ್ವರವನ್ನು ಡ್ರಮ್ಸಿಗೇ ಬಿಟ್ಟುಕೊಟ್ಟಳು. ನಡುಸ್ವರವನ್ನು ಏರಿಸುತ್ತ ಹೋದಂತೆ ಗದ್ದಲದಲ್ಲಿ ಒಂದು ಸಣ್ಣ ಸಂದು ಕಂಡಿತು. ಗಿಟಾರು ಅದರೊಳಗೆ ಹೊಕ್ಕು ನಿಂತಿತು. ಕೊನೆಗೆ ಎಡಗಡೆಯದನ್ನೂ ಒತ್ತಿ, ಹಿಂದಿನಿಂದ ತುಸುವೇ ತಳ್ಳಲು ಬಿಟ್ಟಳು. ಸ್ವರ ಮುರಿಯದೆ ಉದ್ದಕ್ಕೆ ನಿಂತಿತು.

ಉಳಿದವರು ನಿಲ್ಲಿಸಿದ ಮೇಲೆ ಅದನ್ನೇ ಒಂಟಿಯಾಗಿ ನುಡಿಸಿದಾಗ ನೆಗಡಿಯಾದವರ ಮಾತಿನಂತಿತ್ತು. ನರ್ಸಮ್ಮ ಮೂಗು ಮುರಿದಳು. "ಇಷ್ಟು ಸಣ್ಣಗಾ?"

"ಒಬ್ಬಳೇ ಇದ್ದಾಗ ಸಣ್ಣಗೆ. ನೀವೆಲ್ಲ ಇದ್ದಾಗ ಸರಿ" ಎಂದಳು ಟೈಲರಕ್ಕ.

ಭಾನುವಾರ ಕುರ್ಚಿಗಳು ಮುಕ್ಕಾಲು ತುಂಬಿದ್ದವು. ಕೊನೆಯ ಹಾಡಿನ ನಡುವೆ ನರ್ಸಮ್ಮ ಹಿಂದೆ ಸರಿದಳು. ಎರಡು ಗುಂಡಿಗಳೂ ಟಕ್ ಟಕ್ ಎಂದವು. ಮೊದಲ ಸ್ವರಕ್ಕೇ ಬಾಗಿಲ ಬಳಿ ಹರಟುತ್ತಿದ್ದವರು ತಿರುಗಿ ನೋಡಿದರು. ಅವಳು ಅವರನ್ನು ನೋಡಿದ್ದೇ ತಪ್ಪಾಯಿತು. ಬೆರಳು ತಂತಿಯ ಮೇಲೆ ಒಂದು ಮನೆ ಆಚೆಗೆ ಜಾರಿತು. ಇಷ್ಟು ದಿನ ಗದ್ದಲದಲ್ಲಿ ಮುಚ್ಚಿಹೋಗುತ್ತಿದ್ದ ತಪ್ಪು ಈಗ ಇಡೀ ಸಭಾಂಗಣಕ್ಕೆ ಕೇಳಿತು. ಮೇಷ್ಟ್ರು ತಲೆಯೆತ್ತಿದರು. ಅವಳು ನಿಲ್ಲಿಸಲಿಲ್ಲ. ಆ ಸ್ವರದಿಂದಲೇ ಸರಿಯಾದುದಕ್ಕೆ ಜಾರಿ, ತುಣುಕನ್ನು ಕೊನೆಯವರೆಗೆ ನುಡಿಸಿದಳು.

ಜನ ಹೋದ ಮೇಲೆ ಭಾವ ಡ್ರಮ್ಸಿನ ತಿರುಪು ಬಿಚ್ಚುತ್ತ ಹೇಳಿದ: "ಆ ಅಪಸ್ವರ ಹೊರಗಿನ ಮೆಟ್ಟಿಲ ತನಕ ಹೋಯ್ತು."

"ಗೊತ್ತು." ಅವಳು ಗಿಟಾರಿನ ವೈರು ಸುತ್ತುತ್ತಿದ್ದಳು. "ಹಾಗಾದ್ರೆ ತುಣುಕು ಯಾರದು ಭಾವ?"

"ತಪ್ಪು ನುಡಿಸಿದವರೇ ತಿದ್ದಬೇಕಲ್ಲ? ಅದನ್ನ ಮೇಷ್ಟ್ರ ತಲೆಗೆ ಯಾಕೆ ಕಟ್ಟೋದು."

"ನನಗೇನೂ ಬೇಡಪ್ಪ" ಎಂದರು ಮೇಷ್ಟ್ರು ಕೀಬೋರ್ಡಿಗೆ ಬಟ್ಟೆ ಹೊದಿಸುತ್ತ.

ಟೈಲರಕ್ಕ ಸುತ್ತಿದ ವೈರನ್ನು ಬಿಚ್ಚಿ, ಮತ್ತೆ ಗಿಟಾರಿಗೆ ಚುಚ್ಚಿದಳು.