ಜೇಬಿನೊಳಗಿನ ಅಕ್ಕಿಕಾಳು

ಅಂಗಿಯ ಜೇಬನ್ನು ಮನುಷ್ಯನ ಮಾನ ಕಾಯಲೆಂದು ಹೊಲಿದದ್ದಲ್ಲ. ಹಾಗಿದ್ದರೆ ಒಗೆಯುವ ಮುನ್ನ ಅದನ್ನು ತಿರುವಿ ಕೊಡಹುವ ಪದ್ಧತಿ ಹೆಂಡಂದಿರಿಗೆ ಇರುತ್ತಿರಲಿಲ್ಲ.

ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟು ಅಕ್ಕಿಯ ದಲಾಲಿಗೆ ಇಳಿದವನು. ಮನೆ ಕುರುಗೋಡಿನಲ್ಲಿ, ಕೆಲಸ ಸಿರುಗುಪ್ಪದ ಗಿರಣಿಗಳಲ್ಲಿ. ಚೀಲದ ಅಕ್ಕಿಯನ್ನು ಚಿಟಿಕೆಯಷ್ಟು ಬಾಯಿಗೆಸೆದು ಅಗಿದರೆ ಸಾಕು, ಹೊಸದೋ ಹಳೆಯದೋ, ಅನ್ನ ಉದುರಾದೀತೋ ಮುದ್ದೆಯಾದೀತೋ ಹೇಳಬಲ್ಲೆ. ಬಳ್ಳಾರಿಯ ವ್ಯಾಪಾರಿಗಳು ನನ್ನ ನಾಲಿಗೆಯನ್ನು ನಂಬಿ ಲಾರಿ ಕಳಿಸುತ್ತಾರೆಂಬುದೇ, ವಿನಯ ಬಿಟ್ಟು ಹೇಳುವುದಾದರೆ, ನನ್ನ ಪದವಿ.

ಇಂಥವನಿಗೆ ಸಕ್ಕರೆ ಕಾಯಿಲೆ ಬಂತು. ಬಳ್ಳಾರಿಯ ಡಾಕ್ಟರು ಅನ್ನ ಕಡಿಮೆ ಮಾಡಿ, ಉಂಡ ಮೇಲೆ ನಡೆಯಿರಿ ಎಂದರು. ಹಟದವನು ನಾನು, ಅನ್ನವನ್ನು ಪೂರ್ತಿಯೇ ಬಿಟ್ಟೆ; ರೊಟ್ಟಿ ಮುರಿಯುತ್ತ, ಎದುರು ಕೂತು ಅನ್ನ ಉಣ್ಣುವವರನ್ನು ಸನ್ಯಾಸಿಯ ಕರುಣೆಯಿಂದ ನೋಡಿದೆ. ಆದರೂ ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿರಲಿಲ್ಲ.

"ಹಿಂಗಾದ್ರ ಸೂಜಿ ಶುರು ಮಾಡಬೇಕಾಗತೈತಿ," ಎಂದರು ಡಾಕ್ಟರು. ನಮೂನೆ ತೆಗೆಯಲು ಜೀವಮಾನವೆಲ್ಲ ಚೀಲಗಳಿಗೆ ಕೊಳವೆ ಚುಚ್ಚುತ್ತ ಬಂದವನಿಗೆ ತಾನೇ ಚುಚ್ಚಿಸಿಕೊಳ್ಳುವ ಧೈರ್ಯವಿರಲಿಲ್ಲ.

ಮರುದಿನ ಹೆಂಡತಿ ಗೌರಮ್ಮ ಜೇಬು ಕೊಡವಿದಳು. ಒಗೆಯುವ ಕಲ್ಲಿನ ಮೇಲೆ ಹಿಡಿ ಅಕ್ಕಿ ಸುರಿಯಿತು.

"ಇದೇನ್ರೀ?"

"ನಮೂನಿ. ರೇಟು ಮಾತಾಡೂವಾಗ ಅಗೀತೀನಿ."

"ಎಲ್ಲಾ ಗಿರಣ್ಯಾಗೂ?"

ನಾನು ಆಕಾಶ ನೋಡಿದೆ.

"ಬೇಸಲಿಲ್ಲಂದ್ರ ಅದು ಅನ್ನ ಅಲ್ಲೇನು? ನಿಮ್ಮ ವೈರಾಗ್ಯ ನೋಡಿ ಓಣಿ ತುಂಬ ಹೊಗಳಿ ಬಂದೀನಲ್ರೀ!"

ನೀವು ನಗಬಹುದು, ಬೇಯದ್ದು ಊಟವಲ್ಲ, ಉದ್ಯೋಗ ಎಂದೇ ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಅಂದಿನಿಂದ ನನ್ನ ಕೈಯ ಮೇಲೆ ನಾನೇ ಕಣ್ಣಿಟ್ಟೆ. ಪರೀಕ್ಷೆಗೆ ಬೇಕಾದದ್ದು ಒಂದೆರಡು ಕಾಳು. ಉಳಿದದ್ದೆಲ್ಲ ದರ ಕುದುರದ ಹೊತ್ತಿನ ಚಡಪಡಿಕೆಗೆ ಆಹುತಿ. ಹಸಿವಿನ ಹೆಸರಿನಲ್ಲಿ ತಳಮಳ ಉಣ್ಣುತ್ತಿತ್ತು. ಕೈಯನ್ನು ಬೈದೆ, ಕೇಳಲಿಲ್ಲ. ಬೇರೆ ಕೆಲಸ ಕೊಟ್ಟೆ, ಕೇಳಿತು. ಈಗ ಕಾಳನ್ನು ಉಗುರಿನಿಂದ ಮುರಿದು ನೋಡುತ್ತೇನೆ, ಅಂಗೈಯಲ್ಲಿ ಉಜ್ಜಿ ಮೂಸಿ ಜೇಬಿಗೆ ಹಾಕುತ್ತೇನೆ. ಮಾತು ಜಗ್ಗಿದರೆ ಎದ್ದು ಗಿರಣಿಯ ಅಂಗಳ ಸುತ್ತುತ್ತೇನೆ. ದಲಾಲಿ ಮುನಿಸಿಕೊಂಡು ಹೊರಟನೆಂದು ಬೆದರಿ ಮಾಲೀಕರು ದರ ಇಳಿಸುವುದು, ಡಾಕ್ಟರರಿಗೂ ತಿಳಿಯದ ಲಾಭ. ದರದ ಜೊತೆಗೆ ಸಕ್ಕರೆಯೂ ಇಳಿಯಿತು. ಸೂಜಿ ಸದ್ಯಕ್ಕೆ ದೂರ ನಿಂತಿದೆ.

ಮೊನ್ನೆ ಗೌರಮ್ಮ ಮತ್ತೆ ಜೇಬು ಕೊಡವಿದಳು. ನಾಲ್ಕಾರು ಅಕ್ಕಿ ತುಂಡು ಬಿದ್ದವು. ಅವಳು ಬಗ್ಗಿ, ಒಂದೊಂದು ತುಂಡಿಗೂ ಅದರ ಜೋಡಿಯನ್ನು ಹುಡುಕಿ ಅಂಗೈಯಲ್ಲಿ ಕೂಡಿಸಿ ನೋಡಿದಳು.

"ಎರಡೂ ಅರ್ಧ ಇಲ್ಲೇ ಅದಾವ ಬಿಡ್ರಿ," ಎಂದು ನಕ್ಕು ಅಂಗಿಯನ್ನು ನೀರಿಗೆ ಹಾಕಿದಳು.